ಪಾಳಣಾ ಪಾರ್ಕಿನ ಮೊದಲ ಸುತ್ತು

ನಮ್ಮ ಪಾರ್ಕಿನ ಹೆಬ್ಬಾಗಿಲಲ್ಲಿ ಒಂದು ದೊಡ್ಡ ಫಲಕ ಇದೆ. ದೂರದೃಷ್ಟಿಯ ಉದ್ಯಮಿ ಅವ್ವಣ್ಣನವರು ಪುಣೆಯ ಮಕ್ಕಳಿಗೆ ವಿಶ್ವದರ್ಜೆಯ ಮನರಂಜನೆ ಒದಗಿಸುವ ಕನಸು ಕಂಡು ಈ ಸಂಸ್ಥೆಯನ್ನು ಕಟ್ಟಿದರು ಅಂತ ಅದರಲ್ಲಿ ಮರಾಠಿ, ಇಂಗ್ಲಿಷು ಎರಡರಲ್ಲೂ ಬರೆದಿದೆ. ಬರೆಸಿದವನು ನನ್ನ ಗಂಡ ಮನೋಹರ. ಅವ್ವಣ್ಣ ಅಂದರೆ ನನ್ನ ಮಾವ. ಆಳಂದದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು, ಇಟ್ಟಿಗೆ ಹೊತ್ತು ಹೊತ್ತು ನೆತ್ತಿ ಬೋಳಾದ ಮನುಷ್ಯ. ವಿಶ್ವದರ್ಜೆ ಅನ್ನುವ ಮಾತನ್ನು ಯಾರಾದರೂ ಅವರ ಎದುರಿಗೆ ಆಡಿದ್ದರೆ, "ಅದು ಯಾವ ಅಂಗಡ್ಯಾಗ ಸಿಗತದ?" ಅಂತ ಕೇಳುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು, ಹಾಗಾಗಿ ಫಲಕಕ್ಕೆ ಯಾರ ತಕರಾರೂ ಇಲ್ಲ.

ಪುಣೆಯಿಂದ ಲೋಣಾವಳಾಕ್ಕೆ ಹೋಗುವ ಲೋಕಲ್ ರೈಲು ವಡಗಾಂವ ದಾಟುವಾಗ ಕಿಟಕಿಯಿಂದ ನೋಡಿದರೆ ನಮ್ಮ ಪಾರ್ಕು ಕಾಣುತ್ತದೆ. ಜನರ ಬಾಯಲ್ಲಿ ಅದು ಪಾಳಣಾ ಪಾರ್ಕ್. ಪಾಳಣಾ ಎಂದರೆ ಮರಾಠಿಯಲ್ಲಿ ತೊಟ್ಟಿಲು. ಕುಳಿತವರನ್ನು ಮೇಲಕ್ಕೆ ಒಯ್ದು ಕೆಳಗೆ ತರುವ ದೊಡ್ಡ ಚಕ್ರಕ್ಕೂ ಇಲ್ಲಿ ಅದೇ ಹೆಸರು. ನಮ್ಮ ಕಡೆಯವರೂ ಅದನ್ನು ತೊಟ್ಟಿಲು ಅಂತಲೇ ಕರೆಯುತ್ತಾರೆ.

ಎಲ್ಲ ಶುರುವಾದದ್ದು ನಾಲ್ಕು ಪೆಟ್ಟಿಗೆಯ ಒಂದು ಮರದ ಪಾಳಣಾದಿಂದ. ಮೋಟರು ಗೀಟರು ಏನಿಲ್ಲ, ಕೈಯಲ್ಲೇ ತಿರುಗಿಸಬೇಕು. ಮಾವ ವಾರವೆಲ್ಲ ಗೋಡೆ ಕಟ್ಟಿ, ಆದಿತ್ಯವಾರ ಕೂಲಿಕಾರರ ತಗಡಿನ ಶೆಡ್ಡುಗಳ ಹಿಂದಿನ ಬಯಲಲ್ಲಿ ಅದನ್ನು ತಿರುಗಿಸುತ್ತಿದ್ದರಂತೆ. ಆಮೇಲೆ ಗಣಪತಿ ಹಬ್ಬಕ್ಕೆ ಪೇಟೆಯ ಕಡೆ ಹೋಯಿತು. ಕಬ್ಬಿಣದ ಪಾಳಣಾ ಬಂತು, ಬಣ್ಣದ ಕುದುರೆಗಳು ಬಂದವು, ಮಕ್ಕಳ ಪುಟ್ಟ ರೈಲು ಬಂತು. ಹುಲ್ಲು ಕೂಡ ಸರಿಯಾಗಿ ಬೆಳೆಯದ ಗುಡ್ಡದ ಬುಡದ ಜಾಗ ತೆಗೆದುಕೊಂಡಾಗ ಜನ ನಕ್ಕರು. ಅಲ್ಲಿ ನೀರಿನ ಜಾರುಬಂಡಿ ಹಾಕಿದಾಗ ಇನ್ನೂ ಜೋರಾಗಿ ನಕ್ಕರು. ಲೋಣಾವಳಾದಲ್ಲಿ ಮಳೆ ಪುಕ್ಕಟೆ ಸುರಿಯುವಾಗ ಇಲ್ಲಿ ಟಿಕೀಟು ತೆಗೆಸಿ ಯಾರು ತೊಯ್ಸಿಕೊಳ್ಳುತ್ತಾರೆ ಅಂತ. ಬಂದರು. ಮಳೆಗಾಲದಲ್ಲೂ ಬಂದರು. ಲೋಣಾವಳಾಕ್ಕೆ ಹೊರಟವರು ಟ್ರಾಫಿಕ್ಕಿಗೆ ಬೇಸತ್ತು ನಮ್ಮಲ್ಲೇ ಇಳಿದು, ತೊಯ್ದು, ಚಿಕ್ಕಿ ಕಟ್ಟಿಸಿಕೊಂಡು, ಲೋಣಾವಳಾ ನೋಡಿಬಂದೆವು ಅಂತ ಮನೆಯಲ್ಲಿ ಹೇಳುತ್ತಿದ್ದರೋ ಏನೋ ಯಾರಿಗೆ ಗೊತ್ತು.

ನಾನು ಪುಣೆಯ ಖಡಕಿಯವಳು, ಆರತಿ. ನಮ್ಮಪ್ಪ ಧಾರವಾಡದಿಂದ ಬಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಕ್ಲರ್ಕ್ ಆಗಿದ್ದರು. ತೊಟ್ಟಿಲು ತಿರುಗಿಸುವವರ ಮನೆಗೆ ಮಗಳನ್ನು ಕೊಡುವುದೇ ಅಂತ ನಮ್ಮವ್ವ ಮುಖ ಊದಿಸಿಕೊಂಡು ಕೂತಿದ್ದಳು. ಹುಡುಗ ಶಿವಾಜಿನಗರದ ಕಾಲೇಜಿನಲ್ಲಿ ಬಿ.ಕಾಂ. ಓದಿದ್ದಾನೆ ಅಂತ ಗೊತ್ತಾದ ಮೇಲೆ ಊದಿದ ಮುಖ ತಾನಾಗಿ ಇಳಿಯಿತು.

ನಾನು ಬಂದಾಗ ಈ ಮನೆಯಲ್ಲಿ ಎರಡು ನೇಮಗಳಿದ್ದವು. ಒಂದು ಮಾವನದು. ಪಾಳಣಾದ ಪ್ರತಿ ಡಬ್ಬಿಯ ಬಾಗಿಲು ಹಾಕುವ ಮೊದಲು ನಿಂತವನು "ಕಿತೀ ಮಾಣಸಂ?", ಅಂದರೆ ಎಷ್ಟು ಮಂದಿ ಅಂತ ಗಟ್ಟಿಯಾಗಿ ಕೇಳಬೇಕು. ಕುಳಿತವರು ಬಾಯಿಬಿಟ್ಟು ಹೇಳಬೇಕು. ಅವನು ಆ ಸಂಖ್ಯೆಯನ್ನು ಸ್ವಿಚ್ಚಿನ ಹತ್ತಿರ ಇದ್ದವನಿಗೆ ಕೂಗಬೇಕು. ಕಣ್ಣಿಗೆ ಕಾಣುವ ತಲೆಗಳನ್ನು ಕೇಳಿ ಯಾಕೆ ತಿಳಿಯಬೇಕು ಅಂತ ಯಾರೂ ಮಾವನನ್ನು ಕೇಳಲಿಲ್ಲ. ಅವರ ಊರಿನವನೇ ಆದ ಧರ್ಮರಾಜ ಇಂದಿಗೂ ಹಾಗೇ ಕೂಗುತ್ತಾನೆ.

ಎರಡನೆಯದು ನನ್ನ ಅತ್ತೆ ಸಕ್ಕುಬಾಯಿಯವರದು. ಪಾಳಣಾ ಯಾವತ್ತೂ ಖಾಲಿ ತಿರುಗಬಾರದು.

ನಮ್ಮಲ್ಲಿ ಕೂಸಿಗೆ ಹೆಸರಿಡುವ ದಿನ, ಕೂಸನ್ನು ಹಾಕುವ ಮೊದಲು ಒಂದು ಗುಂಡುಕಲ್ಲಿಗೆ ಅರಿಷಿಣ ಹಚ್ಚಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರಲಿ ಅಂತ. ಅದಕ್ಕೆ ಗುಂಡಪ್ಪ ಅನ್ನುತ್ತಾರೆ. ಖಾಲಿ ತೊಟ್ಟಿಲು ತೂಗಿದರೆ ಮಕ್ಕಳಿಗೆ ಒಳ್ಳೆಯದಲ್ಲ ಅನ್ನುವುದೂ ಉಂಟು. ಮನೆಯ ತೊಟ್ಟಿಲಿಗೆ ಇದ್ದ ಈ ನೇಮವನ್ನು ಅತ್ತೆ ಪಾರ್ಕಿನ ಪಾಳಣಾಕ್ಕೂ ತಂದಿದ್ದರು. ಅವರ ಹತ್ತಿರ ಒಂದು ಕರಿಯ ಗುಂಡುಕಲ್ಲಿತ್ತು. ಅದಕ್ಕೆ ಕೂಸುಗಳಿಗೆ ತೊಡಿಸುವ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಹಳದಿ ಕುಂಚಿಗೆ. ದಿನಾ ಬೆಳಿಗ್ಗೆ ಅತ್ತೆ ಅದನ್ನು ಎದೆಗವಚಿಕೊಂಡು ಬಂದು ಮೊದಲನೆಯ ಡಬ್ಬಿಯಲ್ಲಿ ಇಡುವರು. ಧರ್ಮರಾಜ ಒಂದು ಸುತ್ತು ತಿರುಗಿಸುವನು. ಅತ್ತೆ ಕಲ್ಲನ್ನು ಎತ್ತಿಕೊಂಡು ಹೋದ ಮೇಲೆಯೇ ಟಿಕೀಟಿನ ಕಿಟಕಿ ತೆರೆಯುವುದು. ಲಾಕ್‌ಡೌನಿನಲ್ಲಿ ಪಾರ್ಕಿಗೆ ಬೀಗ ಬಿದ್ದಾಗಲೂ ಅವರು ಬಿಡಲಿಲ್ಲ. ಯಂತ್ರಕ್ಕೆ ತುಕ್ಕು ಹಿಡಿಯಬಾರದು ಅಂತ ಧರ್ಮರಾಜ ದಿನಕ್ಕೊಮ್ಮೆ ಪಾಳಣಾ ತಿರುಗಿಸಬೇಕಿತ್ತು. ಜನರಿಲ್ಲದ ಆ ಪಾರ್ಕಿನಲ್ಲಿ ಆ ಕಲ್ಲು ಒಂದೇ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅತ್ತೆ ಮಾಸ್ಕ್ ಹಾಕಿಕೊಂಡು ಕೆಳಗೆ ನಿಂತಿರುತ್ತಿದ್ದರು.

ನನ್ನ ಮಗಳು ಶಿವಾನಿಗೆ ಹೆಸರಿಡುವಾಗಲೂ ಅದೇ ಕಲ್ಲು ಬಂತು. ಅತ್ತೆ ಅದನ್ನು ತೊಟ್ಟಿಲಲ್ಲಿ ಹಾಕಿ ತೂಗಿದರು, ತೂಗಿದರು, ತೂಗುತ್ತಲೇ ಇದ್ದರು. ಕೊನೆಗೆ ನಮ್ಮವ್ವ ತಡೆಯಲಾರದೆ, "ಬೀಗತಿ, ಕಲ್ಲಿಗೆ ನಿದ್ದಿ ಹತ್ತೇದ್ರಿ, ಇನ್ನ ಕೂಸಿನ್ನ ಹಾಕ್ರಿ" ಅಂದಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಇವರು ಭಾಳ ನೇಮದವರು ಅಂತ ನಾನು ಅಂದುಕೊಂಡೆ.

ಮನೋಹರನಿಗೆ ಇದರಿಂದ ನಾಚಿಕೆ. ಪಾರ್ಕಿನೊಳಗೆ ಕಾಲಿಟ್ಟರೆ ಅವನ ಬಾಯಲ್ಲಿ ಮರಾಠಿ ಬಿಟ್ಟರೆ ಇಂಗ್ಲಿಷು, ಕನ್ನಡ ಮನೆಯೊಳಗೆ, ಇಲ್ಲವೇ ಮುಚ್ಚಿದ ಬಾಗಿಲ ಹಿಂದೆ ಮಾತ್ರ. ಶಾಲೆಯ ಮಕ್ಕಳು, ಬ್ಯಾಂಕಿನವರು ಬಂದಾಗ ಮುದುಕಿಯೊಬ್ಬಳು ಕಲ್ಲಿಗೆ ಟೋಪಿ ಹಾಕಿ ಎತ್ತಿಕೊಂಡು ನಿಂತಿದ್ದರೆ ಅವನ ಮುಖ ಕಿವುಚಿದ ಹುಣಸೆ ಹಣ್ಣಿನ ಹಾಗಾಗುತ್ತಿತ್ತು. ಆದರೂ ಒಂದು ಸುತ್ತಿನ ಮಾತಲ್ಲವೇ ಅಂತ ಸುಮ್ಮನಿದ್ದ.

ಸುಮ್ಮನಿರಲು ಆಗದ್ದು ಹೊಸ ಪಾಳಣಾ ಬಂದಾಗ. ಹಳೆಯದು ಮೂರಂತಸ್ತಿನ ಮನೆಯಷ್ಟಿದ್ದರೆ ಇದು ಗುಡ್ಡದ ನೆತ್ತಿಯನ್ನೇ ಇಣುಕಿ ನೋಡುವಷ್ಟು ಎತ್ತರ. ಗಾಜಿನ ಡಬ್ಬಿಗಳು. ಅದನ್ನು ಜೋಡಿಸಿ ನಿಲ್ಲಿಸಲು ಕಂಪನಿಯ ಪರವಾಗಿ ಬಂದವರು ಬೆಂಗಳೂರಿನ ಇಂಜಿನಿಯರು ಶ್ರೀಕಂಠಯ್ಯ. ವಯಸ್ಸಾದ, ಮೆತ್ತಗಿನ ಮಾತಿನ ಮನುಷ್ಯ. ಕನ್ನಡದವರು ಅಂತ ಅತ್ತೆ ದಿನಾ ಅವರಿಗೆ ಜೋಳದ ರೊಟ್ಟಿ ಕಳಿಸುತ್ತಿದ್ದರು. ಅವರೂ ಪಾಪ ಹಲ್ಲು ನೋಯಿಸಿಕೊಂಡು ತಿನ್ನುತ್ತಿದ್ದರು.

ಒಂದು ದಿನ ಅತ್ತೆ ಕಲ್ಲನ್ನು ತಂದು, "ಸಾಹೇಬ್ರ, ಮದಲ ತಿರಗಸೂ ಮುಂದ ಇದನ್ನ ಇಡಬೇಕ್ರಿ" ಅಂದರು.

ಶ್ರೀಕಂಠಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಫಸ್ಟ್ ರನ್ ಪೂರ್ತಿ ಖಾಲೀನೇ ಆಗ್ಬೇಕು. ಆಮೇಲೆ ಮರಳಿನ ಚೀಲ ಇಟ್ಟು ಲೋಡ್ ಟೆಸ್ಟು. ಅದಾದ್ಮೇಲೇ ಸರ್ಟಿಫಿಕೇಟು."

"ಮರಳಿನ ಚೀಲ ಇಡ್ತೀರಿ, ನನ್ನ ಕಲ್ಲ ಇಟ್ರ ಏನಾಗತದ್ರಿ?"

"ಆಮೇಲೆ ಇಡಿ, ಬೇಡ ಅನ್ನಲ್ಲ. ಆದ್ರೆ ಮೊದಲನೇ ಸಲ ಒಳಗೆ ಒಂದು ನೀರಿನ ಬಾಟ್ಲೀನೂ ಇರೋ ಹಾಗಿಲ್ಲ. ಉರುಳಿ ಎಲ್ಲಾದ್ರೂ ಸಿಕ್ಕಾಕೊಂಡ್ರೆ ಕಷ್ಟ."

"ಹಂಗಾರ ತಿರಗಸಬ್ಯಾಡ್ರಿ" ಅಂದು ಅತ್ತೆ ಎದ್ದು ಹೋದರು. ಆದರೂ ಸಂಜೆ ರೊಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ.

ಶ್ರೀಕಂಠಯ್ಯನವರದು ತಪ್ಪು ಅಂತ ನಾನು ಹೇಳುವುದಿಲ್ಲ. ನಾಳೆ ಅದರಲ್ಲಿ ಕೂರುವವರು ಜನರ ಮಕ್ಕಳು, ಅವುಗಳ ಜೀವಕ್ಕೆ ಸಹಿ ಹಾಕುವವರು ಅವರು. ಆದರೆ ಉದ್ಘಾಟನೆಯ ಕಾರ್ಡುಗಳು ಆಗಲೇ ಹಂಚಿ ಆಗಿತ್ತು. ಅತ್ತೆ ಕಲ್ಲನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಗ ನನ್ನ ಗಂಡನಿಗೆ ಒಂದು ಉಪಾಯ ಹೊಳೆಯಿತು.

ಅತ್ತೆಗೆ ಹಿಂದಿನ ತಿಂಗಳು ಶಿವಾಜಿನಗರದ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆವು. ತಪಾಸಣೆಗೆ ಮತ್ತೆ ಹೋಗಬೇಕಿತ್ತು. "ನೀನ ಕರಕೊಂಡ ಹೋಗು. ಅವಸರ ಮಾಡಬ್ಯಾಡ, ಹಂಗ ಮಂಡಿಗೂ ಹೋಗಿ ಕಾಯಿಪಲ್ಲೆ ತಗೊಂಡ ಬರ್ರಿ" ಅಂದ ಮನೋಹರ. ಯಾವತ್ತೂ ಬೇಗ ಬಾ ಅನ್ನುವವನು ತಡವಾಗಿ ಬಾ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನನಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು.

ದವಾಖಾನೆಯಲ್ಲಿ ಅಂದು ಗದ್ದಲವೇ ಇರಲಿಲ್ಲ. ಡಾಕ್ಟರು ನೋಡಿ, ಅಜ್ಜಿ, ಕಣ್ಣು ಹರೆಯದವರ ಹಾಗಿದೆ ಅಂತ ಕಳಿಸಿಬಿಟ್ಟರು. ಕೋರ್ಟಿನ ಹಿಂದಿನ ರಸ್ತೆಯಲ್ಲಿ ಒಂದು ಹಳೆಯ ಆಫೀಸು ಕಟ್ಟಡದ ಮುಂದೆ ಅತ್ತೆ ಒಂದು ಗಳಿಗೆ ನಿಂತರು. ಆ ಕಡೆ ಬಂದಾಗಲೆಲ್ಲ ನಿಲ್ಲುತ್ತಾರೆ. ಮಾವ ಕಟ್ಟಿದ ಗೋಡೆ, ಅದಕ್ಕೆ ಅಂತ ತಿಳಿದಿದ್ದೆ. ಮಂಡಿಗೆ ಹೋಗೋಣವೇ ಅಂದರೆ ಬೇಡ ಅಂದರು. ಲೋಕಲ್ ಹಿಡಿದೆವು.

ವಡಗಾಂವ ಬರುತ್ತಿದ್ದ ಹಾಗೆ ಅತ್ತೆ ಕಿಟಕಿಯ ಸರಳು ಹಿಡಿದು ಬಗ್ಗಿದರು. ಮಗ ಮಾಡಿಸಿಕೊಟ್ಟ ಹೊಸ ಕಣ್ಣು, ದೂರದ್ದೆಲ್ಲ ನಿಚ್ಚಳ. ಗುಡ್ಡದ ಪಕ್ಕ ಹೊಸ ಪಾಳಣಾ ಬಿಸಿಲಿಗೆ ಹೊಳೆಯುತ್ತ ನಿಧಾನವಾಗಿ ತಿರುಗುತ್ತಿತ್ತು. ಗಾಜಿನ ಡಬ್ಬಿಗಳ ಆಚೆಯ ಆಕಾಶ ಕಾಣುತ್ತಿತ್ತು. ಅಷ್ಟೆತ್ತರದ ತೊಟ್ಟಿಲನ್ನು ತಾಯಿಯ ಕಣ್ಣು ತಪ್ಪಿಸಿ ತಿರುಗಿಸಲು ಹೊರಟ ಜಾಣ ನನ್ನ ಗಂಡ.

ಅತ್ತೆ ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡರು. "ಕಲ್ಲು ಪೆಟಿಗ್ಯಾಗದ. ಕೀಲಿ ನನ್ನ ಹಂತ್ಯಾಕ ಅದ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಅದರಾಗ ಯಾರ ಕೂತಾರ, ಆರತಿ?"

ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಮನೆಗೆ ಬಂದೆವು. ನಮ್ಮ ಮನೆ ಪಾರ್ಕಿನ ಬೇಲಿಗೆ ಹೊಂದಿಕೊಂಡೇ ಇದೆ. ಒಳಗೆ ಹೋದವರೇ ಪೆಟ್ಟಿಗೆ ತೆಗೆದು, ಕುಂಚಿಗೆಯ ಸಮೇತ ಕಲ್ಲನ್ನು ತಂದು ನನ್ನ ಮಡಿಲಲ್ಲಿಟ್ಟು ಎದುರಿಗೆ ಕೂತರು.

"ನಿನ್ನ ಗಂಡಗಿಂತ ಮದಲ ನನಗ ಒಬ್ಬಾಕಿ ಹುಟ್ಟಿದ್ಲು" ಅಂದರು.

ನಾನು ಮಡಿಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇವತ್ತ ಆ ಕಟ್ಟಡದ ಮುಂದ ನಿಂತಿದ್ವೆಲ್ಲ, ಅದನ್ನ ಕಟ್ಟೂ ಮುಂದ ಅಲ್ಲೇ ಶೆಡ್ಡಿನ್ಯಾಗ ಇದ್ವಿ. ನಾಳಿ ಹೆಸರಿಡೂದು ಅಂದ್ರ ಇವತ್ತ ಕೂಸಿಗಿ ಜ್ವರಾ ಬಂತು. ಸಂಜೀತನಕ ಉಳೀಲಿಲ್ಲ. ನನ್ನ ಮದಿವಿ ಸೀರಿಲೆ ತೊಟ್ಟಿಲಾ ಕಟ್ಟಿ ಮುಗದಿತ್ತು. ಮಂದಿ ಅದನ್ನ ಬಿಚ್ಚಲಾಕ ಬಂದ್ರು, ನಾ ಬಿಡಲಿಲ್ಲ. ಖಾಲಿ ತೊಟ್ಟಿಲಾ, ಗಾಳಿಗಿ ತಾನ ತೂಗಲಾಕತ್ತಿತ್ತು. ಅದನ್ನ ನೋಡೂದು ನನ್ನ ಕೈಲಿ ಆಗಲಿಲ್ಲ ಯವ್ವಾ. ಗುಂಡಪ್ಪ ಅಂತ ಕಲ್ಲು ತಂದಿಟ್ಟಿದ್ವೆಲ್ಲ, ಅದಕ್ಕ ಆಕಿ ಕುಂಚಗಿ ತೊಡಿಸಿ ಹಾಕಿದೆ."

ಹಳದಿ ಬಟ್ಟೆಯ ಅಂಚಿನ ಹೊಲಿಗೆ ಕೈಹೊಲಿಗೆ. ಇಷ್ಟು ವರ್ಷ ನೋಡಿದ್ದೆ, ಎಂದೂ ಗಮನಿಸಿರಲಿಲ್ಲ.

"ಎಷ್ಟೋ ದಿನಾ ಕಲ್ಲನ್ನ ತೂಗಿದೆ. ಇಕಿಗಿ ತಲಿ ಕೆಟ್ಟದ ಅಂದ್ರು ಎಲ್ಲಾರೂ. ನಿಮ್ಮ ಮಾವ ಒಂದ ಮಾತ ಅನಲಿಲ್ಲ. ಒಂದ ಆದಿತ್ಯವಾರ, ನಡಿ, ಬಯಲಾಗ ಪಾಳಣಾ ಬಂದದ ಅಂದ್ರು. ಕಲ್ಲ ಇಟ್ಟ ಬಾ ಅನಲಿಲ್ಲ, ತಗೊಂಡ ಬಾ ಅಂದ್ರು. ಪಾಳಣಾದ ಮುದಕ ಕಿತೀ ಮಾಣಸಂ ಅಂತ ಕೇಳ್ದ. ಇವರು ಮೂರು ಅಂದ್ರು. ಅಂವಾ ನಮ್ಮಿಬ್ಬರನ್ನ ನೋಡ್ದ, ಕುಂಚಗಿ ನೋಡ್ದ. ಏನ ತಿಳಕೊಂಡನೋ ಏನೋ, ಹೂಂ, ಮೂರು ಅಂತ ತಾನೂ ಒದರಿದ. ಮ್ಯಾಲ ಹೋದ ಮ್ಯಾಲ ನನಗ ಅಳು ಬಂತು. ಅಲ್ಲೀತನಕ ಬಂದಿದ್ದೇ ಇಲ್ಲ."

ಆ ಮುದುಕನ ತೋಳಿನ ಶಕ್ತಿ ಹೋದಾಗ ಮಾವ ಕೊಂಡದ್ದು ಅದೇ ಪಾಳಣಾ. ಫಲಕದಲ್ಲಿರುವ ದೂರದೃಷ್ಟಿ ಎಂದರೆ ಇದು. ಹೆಂಡತಿ ಅತ್ತು ಹಗುರಾದಳಲ್ಲ, ಇನ್ನೊಮ್ಮೆ ಹತ್ತಲಿ ಅಂತ ತಂದದ್ದು.

"ಮನೋಹರಗ ಯಾಕ ಹೇಳಲಿಲ್ರಿ ಅತ್ತಿ?"

"ಸಣ್ಣಾವ, ಅಂಜತಾನ ಅಂತ ಬಿಟ್ಟೆ. ಆಮ್ಯಾಲ ದೊಡ್ಡಾವ, ನಗತಾನ ಅಂತ ಬಿಟ್ಟೆ." ಕುಂಚಿಗೆಯ ದಾರವನ್ನು ಬಿಗಿಮಾಡಿ ಕೈ ಹಿಂದೆ ತೆಗೆದುಕೊಂಡರು. "ನೀ ಇಟಗೋ ಇದನ್ನ. ಈ ಪಾರ್ಕಿನ್ಯಾಗ ಆಕಿಗಂತ ಒಂದ ಜಾಗಾ ಇತ್ತು. ಅಕಿನ್ನ ಬಿಟ್ಟು ತಿರಗಿಸಿದ್ರು. ಇನ್ನ ಇಲ್ಲ."

ನಾನು ಕಲ್ಲನ್ನು ನನ್ನ ಕಪಾಟಿನಲ್ಲಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಆಫೀಸಿಗೆ ನಡೆದೆ. ಮನೋಹರ ನನ್ನ ಮುಖ ನೋಡಿಯೇ ಎದ್ದು ಬಾಗಿಲು ಹಾಕಿ, "ಒಂದ ಸುತ್ತ ಅಷ್ಟೇ ಆರತಿ, ಸರ್ಟಿಫಿಕೇಟ್ ಬೇಕಾಗಿತ್ತು" ಅಂತ ಶುರುಮಾಡಿದ. "ಬಾಯಿ ಮುಚಗೊಂಡ ಕೂಡ್ರಿ" ಅಂದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಹಾಗೆ ಅಂದಿರಲಿಲ್ಲ, ಕೂತ. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಮುದುಕ ಕೇಳಿದ್ದು, ಮಾವ ಮೂರು ಅಂದದ್ದು, ಎಲ್ಲ.

ಅವನು ಮೇಜಿನ ಮೇಲಿನ ಪೇಪರುಗಳನ್ನು ಒಂದರ ಮೇಲೊಂದು ಜೋಡಿಸಿದ. ಮತ್ತೆ ಕೆದರಿದ. "ನನ್ನ ತೊಟ್ಟಿಲದಾಗೂ ಮದಲ ಅದನ್ನ ಹಾಕಿದ್ರಂತೇನು?" ಅಂತ ಕೇಳಿದ.

"ನಿಮಗೂ ಹಾಕಿದ್ರು, ಶಿವಾನಿಗೂ ಹಾಕಿದ್ರು."

ಸಂಜೆ ತಾಯಿಯ ಹತ್ತಿರ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಅವ್ವಾ" ಅಂದ. ಅವರು ರೊಟ್ಟಿ ಬಡಿಯುತ್ತಿದ್ದರು. "ಹಸ್ತದೇನು? ಕೂಡು" ಅಂದರು. ಅವನು ತಾಟಿನ ಮುಂದೆ ಕೂತ. ಉಂಡು ಏಳುವಾಗ, "ಉದ್ಘಾಟನಕ್ಕ ಬರಬೇಕವ್ವಾ" ಅಂದ. "ನಿಮ್ಮ ಕಾರ್ಯಕ್ರಮ ನೀವು ಮಾಡ್ರಿ. ನಾ ಬರೂದಿಲ್ಲ" ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನಾದರೂ ಏನಾದರೂ ಅನ್ನಬಹುದಿತ್ತು. ಸುಸ್ತಾದವರ ಹಾಗೆ ಅಂದರು. ಮರುದಿನದಿಂದ ಹಳೆಯ ಪಾಳಣಾದ ಕಡೆಗೂ ಹೋಗಲಿಲ್ಲ. ಬೆಳಿಗ್ಗೆ ಆ ಹೊತ್ತಿಗೆ ಬರಿಗೈಯಲ್ಲಿ ಅಂಗಳದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಸೀರೆ ತೆಗೆಯಲು ಕಪಾಟು ತೆರೆದರೆ ಕಲ್ಲು ಇಲ್ಲ. ಅತ್ತೆ ಒಯ್ದರೇ ಅಂತ ಇಣುಕಿದೆ. ಅವರು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಿ ಕೇಳುವ ಧೈರ್ಯವಾಗಲಿಲ್ಲ.

ಪಾರ್ಕಿನ ತುಂಬ ಚೆಂಡು ಹೂವಿನ ಮಾಲೆ, ಶಾಲೆಯ ಮಕ್ಕಳು, ಬ್ಯಾಂಡು. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿದರು. ಮೊದಲನೆಯ ಡಬ್ಬಿಯಲ್ಲಿ ಅವರೂ ಅವರ ಪತ್ನಿಯೂ ಕೂರುವುದು ಅಂತ ಕಾರ್ಯಕ್ರಮದಲ್ಲಿತ್ತು. ಅವರು ಹೆಜ್ಜೆ ಎತ್ತುವಾಗ ಮನೋಹರ ಕೈ ಮುಗಿದು ಮರಾಠಿಯಲ್ಲಿ, "ಸಾಹೇಬರೇ, ಕ್ಷಮಿಸಬೇಕು. ಮೊದಲ ಸುತ್ತು ನಮ್ಮ ಮನೆಯವರದು" ಅಂದ. ಆಮೇಲೆ ಧರ್ಮರಾಜನ ಕುರ್ಚಿಯ ಹಿಂದೆ ಹೋಗಿ, ಬಗ್ಗಿ, ಹಳದಿ ಕುಂಚಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊಸ ಕೋಟಿನ ಎದೆಗೆ ಅವಚಿಕೊಂಡ. ನನ್ನ ಹಿಂದೆ ಯಾರೋ ಒಬ್ಬಾಕೆ, ಇಷ್ಟು ಎಳೆಯ ಕೂಸನ್ನು ಅಷ್ಟು ಮೇಲೆ ಒಯ್ಯುತ್ತಾರೆಯೇ ಅಂತ ಮರಾಠಿಯಲ್ಲಿ ಗಾಬರಿಪಟ್ಟಳು.

ಶ್ರೀಕಂಠಯ್ಯ ಮುಂದೆ ಬಂದರು. ಕುಂಚಿಗೆಯೊಳಗೆ ಇಣುಕಿದರು. ಆ ಹೊತ್ತಿಗೆ ಅವರಿಗೂ ವಿಷಯ ಗೊತ್ತಾಗಿತ್ತು ಅಂತ ಕಾಣುತ್ತದೆ. "ಮಡಿಲಲ್ಲೇ ಇಟ್ಕೋತೀರ ತಾನೆ? ಸೀಟ್ ಮೇಲೆ ಇಡಬೇಡಿ" ಅಂದರು. ಮನೋಹರ ತಲೆಯಾಡಿಸಿದ. ಅವನು ಕುಳಿತ ಮೇಲೆ ಅವರೇ ಬಾಗಿಲಿನ ಚಿಲಕ ಎಳೆದು ನೋಡಿ ಹಿಂದೆ ಸರಿದರು.

ಧರ್ಮರಾಜ ರೂಢಿಯ ಹಾಗೆ ಕೈ ಎತ್ತಿ ಕೂಗಿದ. "ಪಹಿಲಾ ಡಬ್ಬಾ, ಕಿತೀ ಮಾಣಸಂ?"

ಪಾರ್ಕಿನೊಳಗೆ ಜನರೆದುರು ಎಂದೂ ಕನ್ನಡ ಆಡದ ನನ್ನ ಗಂಡ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಇಬ್ಬರು. ನಾನು, ನಮ್ಮಕ್ಕ."

ಧರ್ಮರಾಜ ಸ್ವಿಚ್ಚಿನವನ ಕಡೆ ತಿರುಗಿ "ದೋನ್!" ಅಂತ ಕೂಗಿದ. ಪಾಳಣಾ ಅಲುಗಿ, ನಿಧಾನವಾಗಿ ಏರತೊಡಗಿತು. ಆಗಲೇ ನಮ್ಮ ಮನೆಯ ಕಡೆಯ ಬೇಲಿಯಿಂದ ಅತ್ತೆಯ ದನಿ ಕೇಳಿಸಿತು. ಬರಿಗಾಲಲ್ಲಿ, ಬಿಚ್ಚಿದ ತುರುಬಿನಲ್ಲಿ ಓಡಿ ಬಂದು ಬೇಲಿಯ ತಂತಿ ಹಿಡಿದು ನಿಂತಿದ್ದರು. ಕತ್ತೆತ್ತಿ, ಬ್ಯಾಂಡಿನ ಸದ್ದನ್ನೂ ಮೀರಿ ಕೂಗುತ್ತಿದ್ದರು.

"ಮನ್ಯಾ, ಅಕ್ಕನ್ನ ಗಟ್ಟಿ ಹಿಡಕೋ!"